ನೂರೈವತ್ತಾರನೆಯ ಮಣಿ

ಫೆಬ್ರವರಿ 9

ಪ್ರೀತಿಯ ತಮ್ಮಾ,

ಫೋನ್ ಇರುವಾಗ ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ನೀನು "ಪೀಚು ಹೇಗಿದಾಳೆ?" ಅಂತೀಯ, ನಾನು "ಹಾಗೇ ಇದಾಳೆ" ಅಂತೀನಿ, ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಅಮ್ಮ ಮೈಯೆಲ್ಲ ಕಿವಿಯಾಗಿ ಕೂತಿರುತ್ತಾಳೆ. ನಿನ್ನ ಭಾವ ಟಿವಿಯ ಸದ್ದು ತಗ್ಗಿಸುತ್ತಾರೆ. ಅವರೆಲ್ಲರ ಎದುರು ನಾನು ಏನು ಹೇಳಲಿ? ಬೇಕರಿಯಲ್ಲಿ ಮೊದಲ ಹಿಟ್ಟು ನಾದಿ ಉಬ್ಬಲು ಬಿಟ್ಟ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಮೈದಾ ಮೂಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಗದಕ್ಕೆ ಹಿಟ್ಟು ಮೆತ್ತಿದ್ದರೆ ಕೊಡವಿಕೋ.

ಪೀಚು ಹಾಗೇ ಇಲ್ಲ. ನೀನು ಕಳೆದ ಸಲ ಬಂದಾಗ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳಲ್ಲ, ಆಮೇಲೆ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನಡಿಗೆಯನ್ನೂ ಕರೆದುಕೊಂಡು ಹೋಯಿತು. ಈಗ ಕೂರಿಸಿದರೆ ಒಂದು ಕಡೆಗೆ ವಾಲುತ್ತಾಳೆ. ಕತ್ತು ನಿಲ್ಲುವುದಿಲ್ಲ. ಮೂರು ವರ್ಷ ತುಂಬುತ್ತಿರುವ ಮಗಳನ್ನು ಹಸುಗೂಸಿನಂತೆ ತಲೆಗೆ ಕೈಕೊಟ್ಟು ಎತ್ತಿಕೊಳ್ಳಬೇಕು. ನಗು ಮಾತ್ರ ಎಲ್ಲೂ ಹೋಗಿಲ್ಲ. ನಿನ್ನ ಭಾವ ಟೈಲ್ಸ್ ಕೆಲಸ ಮುಗಿಸಿ ಬಂದು ಚೀಲ ಕೆಳಗಿಡುವಾಗ ಒಳಗಿನ ಕರಣೆ, ಸುತ್ತಿಗೆ ಸದ್ದು ಮಾಡಿದರೆ ಕಿಲಕಿಲ ನಗುತ್ತಾಳೆ. ಅದಕ್ಕೇ ಅವರು ಚೀಲವನ್ನು ಎರಡೆರಡು ಸಲ ಎತ್ತಿ ಇಡುತ್ತಾರೆ.

ರಕ್ತದ ರಿಪೋರ್ಟು ಬಂತು. ಡಾಕ್ಟರಮ್ಮ ಚಿತ್ರ ಬರೆದು ತುಂಬ ಹೊತ್ತು ವಿವರಿಸಿದರು. ನಾನು ತಲೆಯಾಡಿಸಿದೆ. ಹೊರಗೆ ಬಂದಾಗ ನಿನ್ನ ಭಾವ "ಏನಂದ್ರು?" ಅಂದರು. "ಮೈಯಲ್ಲಿ ಶಕ್ತಿ ಕಡಿಮೆಯಂತೆ" ಅಂದೆ. "ಅಷ್ಟೇ ತಾನೆ? ಟಾನಿಕ್ ಕೊಡ್ಲಿ." ಅವರ ಮುಖ ಎಷ್ಟು ಹಗುರಾಯಿತೆಂದರೆ, ಮುಂದಿನದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ರಿಪೋರ್ಟಿನ ನಕಲು ಇದರ ಜೊತೆ ಇಟ್ಟಿದ್ದೇನೆ. ಒಂದೇ ಒಂದು ಸಾಲು ದಪ್ಪ ಅಕ್ಷರದಲ್ಲಿದೆ. ನೀನು ಲ್ಯಾಬಿನಲ್ಲಿರುವವನು. ಆ ಸಾಲಿನ ಅರ್ಥ ಬಿಡಿಸಿ ಬರೆ. ನನ್ನಿಂದ ಏನನ್ನೂ ಮುಚ್ಚಿಡಬೇಡ.

ನಿನ್ನ ಅಕ್ಕ

ಫೆಬ್ರವರಿ 27

ಅಕ್ಕಾ,

ಹಿಟ್ಟು ಮೆತ್ತಿತ್ತು. ಕೊಡವಲಿಲ್ಲ, ಹಾಗೇ ಇಟ್ಟುಕೊಂಡೆ.

ನಾನು ಇಲ್ಲಿ ದೊಡ್ಡ ವಿಜ್ಞಾನಿಯಲ್ಲ ಎಂಬುದು ನಿನಗೆ ಗೊತ್ತೇ ಇದೆ. ಗಾಜಿನ ಸಾಮಾನು ತೊಳೆಯುವುದು, ತಟ್ಟೆಗಳಿಗೆ ಆಹಾರ ಹೊಯ್ಯುವುದು, ಯೀಸ್ಟ್ ಬೆಳೆಸುವುದು. ನೀನು ಬ್ರೆಡ್ ಉಬ್ಬಿಸುವ ಯೀಸ್ಟೂ ನಾನು ಬೆಳೆಸುವುದೂ ಒಂದೇ ಜಾತಿ. ಅಮ್ಮನ ಇಬ್ಬರು ಮಕ್ಕಳೂ ಹುಳಿ ಹಿಡಿಸಿಯೇ ಹೊಟ್ಟೆ ಹೊರೆಯುತ್ತಿದ್ದೇವೆ. ಆದರೂ ನಿನ್ನ ಸಾಲನ್ನು ಮೂರು ಪುಸ್ತಕ ತೆಗೆದು ಓದಿದೆ. ಹೇಳುತ್ತೇನೆ.

ನಮ್ಮ ಮೈಯ ಒಂದೊಂದು ಜೀವಕೋಶದೊಳಗೂ ಮೈಟೊಕಾಂಡ್ರಿಯ ಎಂಬ ಪುಟ್ಟ ಚೀಲಗಳಿವೆ. ತಿಂದದ್ದು ಶಕ್ತಿಯಾಗುವುದು ಅಲ್ಲಿ. ಆ ಚೀಲದ ಪೊರೆಯಲ್ಲಿ ಒಂದು ಯಂತ್ರವಿದೆ, ನಿಜಕ್ಕೂ ಗಿರಗಿರ ತಿರುಗುವ ಯಂತ್ರ. ಹಲವು ಪ್ರೋಟೀನ್ ಭಾಗಗಳು ಸೇರಿ ಅದಾಗಿದೆ. ಒಂದೊಂದು ಭಾಗವನ್ನೂ ಉಪಘಟಕ ಅನ್ನುತ್ತಾರೆ. ರಿಪೋರ್ಟಿನಲ್ಲಿರುವುದು 'ಎ' ಎಂಬ ಉಪಘಟಕ. ದೊಡ್ಡ ಅಂಗಡಿಗಳಲ್ಲಿ ಸುತ್ತುವ ಬಾಗಿಲು ನೋಡಿದ್ದೀಯಲ್ಲ? ತಿರುಗುವ ಭಾಗ ಬೇರೆ, ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಡುವ ಪಕ್ಕದ ಚೌಕಟ್ಟು ಬೇರೆ. 'ಎ' ಆ ಚೌಕಟ್ಟು. ಅದರ ಮೂಲಕ ಹೈಡ್ರೊಜನ್ನಿನ ಕಣಗಳು ನುಗ್ಗಿದರೆ ಬಾಗಿಲು ತಿರುಗುತ್ತದೆ, ತಿರುಗಿದರೆ ಶಕ್ತಿ ತಯಾರಾಗುತ್ತದೆ.

ಈ ಚೌಕಟ್ಟನ್ನು ಇನ್ನೂರಿಪ್ಪತ್ತಾರು ಮಣಿಗಳ ಸರ ಎಂದುಕೋ. ಪೀಚುವಿನ ಸರದಲ್ಲಿ ನೂರೈವತ್ತಾರನೆಯ ಮಣಿ ಬದಲಾಗಿದೆ. ಅದೊಂದೇ. ಅಲ್ಲಿ ಇರಬೇಕಾದದ್ದರ ಬದಲು ಇನ್ನೊಂದು, ಸ್ವಲ್ಪ ಉದ್ದ, ಸ್ವಲ್ಪ ಒರಟು. ಅದು ದಾರಿಗೆ ಅಡ್ಡ ನಿಲ್ಲುತ್ತದೆ. ಬಾಗಿಲು ಸಿಕ್ಕಿಕೊಳ್ಳುತ್ತದೆ. ಮೆದುಳು, ಸ್ನಾಯು, ಕಣ್ಣು, ಹೀಗೆ ಹೆಚ್ಚು ಶಕ್ತಿ ಬೇಡುವ ಕಡೆಯೇ ಮೊದಲು ಕೊರತೆ ಕಾಣುತ್ತದೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ಬಸುರಿನಲ್ಲಿ ನೀನು ತಿಂದದ್ದು, ಬಿಟ್ಟದ್ದು, ಒಲೆಯ ಮುಂದೆ ನಿಂತದ್ದು, ಯಾವುದರಿಂದಲೂ ಬಂದದ್ದಲ್ಲ. ಅಷ್ಟು ತಿಳಿದುಕೋ ಸಾಕು.

ನಮ್ಮ ಲ್ಯಾಬಿನ ಮುಖ್ಯಸ್ಥೆ ಇದ್ದಾರಲ್ಲ, ಮೇಡಂ, ಅವರ ಫ್ರೀಜರಿನಲ್ಲಿ ಇದೇ ಮಣಿ ಬದಲಾಗಿರುವ ಯೀಸ್ಟ್ ಇದೆ. "ಅದನ್ನ ನನಗೆ ಕೊಡಿ ಮೇಡಂ, ಕೆಲಸ ಮುಗಿದ ಮೇಲೆ ಬೆಳೆಸ್ತೀನಿ" ಅಂದೆ. "ಯಾಕೆ?" "ನಮ್ಮ ಮನೆ ಮಗೂದು ಇದೇ." ಅವರು ಎದ್ದು ಫ್ರೀಜರ್ ತೆರೆದರು. "ಕೆಲಸ ಮುಗಿದ ಮೇಲೆ ಯಾಕೆ? ಅದೇ ನಿಮ್ಮ ಕೆಲಸ ಅಂದ್ಕೊಳ್ಳಿ" ಅಂದರು.

ನನ್ನ ಹಣೆಯಲ್ಲಿ ಬೋರೆ ಎದ್ದು ಊದಿಕೊಂಡಿದೆ. ಸಂಜೆ ತೆರೆದಿದ್ದ ಕಪಾಟಿಗೆ ಹೋಗಿ ಗುದ್ದಿಕೊಂಡೆ. ತಲೆಯಲ್ಲೆಲ್ಲ ಆ ಸುತ್ತುವ ಬಾಗಿಲೇ ತುಂಬಿತ್ತು. ಪೀಚುಗೆ ಹೇಳು, ನಗಲಿ.

ತಮ್ಮ

ಮಾರ್ಚ್ 18

ತಮ್ಮಾ,

ನಿನ್ನ ಕಾಗದವನ್ನು ಮನೆಯಲ್ಲಿ ಎಲ್ಲರಿಗೂ ಓದಿದೆ. ಬೋರೆಯ ವಿಷಯ ಬಂದಾಗ ನಿನ್ನ ಭಾವ ತಾವೇ ಬಾಗಿಲಿಗೆ ಗುದ್ದಿಕೊಂಡಂತೆ ಆಡಿ ತೋರಿಸಿದರು. ಪೀಚು ಬಿಕ್ಕಳಿಕೆ ಬರುವಷ್ಟು ನಕ್ಕಳು. ಆಮೇಲೆ ಅವರು ಕೇಳಿದ್ದು ಒಂದೇ: "ಒಂದು ಟೈಲ್ ಒಡೆದಿದ್ರೆ ಅದೊಂದನ್ನ ಕಿತ್ತು ಬೇರೆ ಕೂರಿಸ್ತೀನಿ, ನೆಲ ಎಲ್ಲ ಅಗೀತೀನಾ? ಆ ಮಣಿ ಒಂದನ್ನ ತೆಗೆದು ಹಾಕೋಕೆ ಯಾರಿಗೂ ಬರಲ್ವಾ?" ಉತ್ತರ ನೀನೇ ಬರೆ. ನಾನು ಒಲೆಯ ಕಡೆ ತಿರುಗಿಕೊಂಡೆ.

ಒಂದು ಬಟ್ಟಲು ಗಂಜಿ ಕುಡಿಸಲು ಬೆಳಗಿನ ಅರ್ಧ ಹೋಗುತ್ತದೆ. ನುಂಗುವಾಗ ಕೆಮ್ಮುತ್ತಾಳೆ, ಮುಖ ಕಪ್ಪಿಡುತ್ತದೆ. ಹೊಟ್ಟೆಗೆ ಒಂದು ಸಣ್ಣ ತೂತು ಮಾಡಿ ಅಲ್ಲಿಂದಲೇ ನಳಿಕೆಯಲ್ಲಿ ಊಟ ಕೊಡೋಣ ಎನ್ನುತ್ತಾರೆ ಡಾಕ್ಟರಮ್ಮ. ಅಮ್ಮನಿಗೆ ಅದನ್ನು ಕೇಳಿದರೆ ಆಗುವುದಿಲ್ಲ. "ಬಾಯಿ ಇರೋ ಮಗುಗೆ ಹೊಟ್ಟೆ ಯಾಕೆ ಕೊಯ್ಬೇಕು?" ಎಂದು ಬಟ್ಟಲು ಕಿತ್ತುಕೊಂಡು ತಾನೇ ಕೂರುತ್ತಾಳೆ.

ಇನ್ನೊಂದು ವಿಷಯ. ಇದು ಮಗುವಿಗೆ ಹೇಗೆ ಬಂತು? ಡಾಕ್ಟರಮ್ಮ ಏನೋ ಹೇಳಿದರು, ನನಗೆ ಸರಿಯಾಗಿ ತಲೆಗೆ ಹೋಗಲಿಲ್ಲ. ನಿನಗೆ ಗೊತ್ತಿದ್ದರೆ ಬರೆ, ಗೊತ್ತಿಲ್ಲದಿದ್ದರೆ ಬಿಡು.

ಮತ್ತೆ ಪುಣ್ಯಾತ್ಮ, ಕಾಗದದ ಅಂಚು ಕಾಣಿಸುವುದಿಲ್ಲವೇ ನಿನಗೆ? ಎಷ್ಟೋ ಮಾತುಗಳ ಬಾಲ ಕಾಗದ ದಾಟಿ ನಿನ್ನ ಮೇಜಿನ ಮೇಲೇ ಉಳಿದುಬಿಟ್ಟಿದೆ. ಒಂದು ಸಾಲು ಇನ್ನೊಂದರ ಬೆನ್ನೇರಿದೆ. ಅಷ್ಟು ಅವಸರವಿದ್ದರೆ ಒಂದು ವಾರ ತಡವಾಗಿ ಬರೆ.

ಅಕ್ಕ

ಏಪ್ರಿಲ್ 22

ಅಕ್ಕಾ,

ಇವತ್ತು ಲ್ಯಾಬಿನಲ್ಲಿ ಕುಣಿದುಬಿಟ್ಟೆ. ಯಾಕೆ ಎಂದು ಕೇಳು.

ಈ ಯೀಸ್ಟಿಗೆ ಸಕ್ಕರೆ ಕೊಟ್ಟರೆ ಆ ಯಂತ್ರ ಕೆಟ್ಟಿದ್ದರೂ ಹೇಗೋ ಬದುಕಿಕೊಳ್ಳುತ್ತದೆ. ಇನ್ನೊಂದು ತಟ್ಟೆಯಲ್ಲಿ ಸಕ್ಕರೆ ಇರುವುದಿಲ್ಲ. ಯಂತ್ರ ತಿರುಗುವವರಿಗೆ ಮಾತ್ರ ದಕ್ಕುವ ಆಹಾರ ಅಲ್ಲಿರುವುದು. ನಮ್ಮ ಯೀಸ್ಟನ್ನು ಅದರ ಮೇಲೆ ಹರಡಿದರೆ ಏನೂ ಬೆಳೆಯುವುದಿಲ್ಲ, ತಟ್ಟೆ ಬೋಳು. ಅಲ್ಲಲ್ಲಿ ಒಂದೊಂದು ರಾಸಾಯನಿಕದ ತೊಟ್ಟು ಇಟ್ಟು, ಯಾವುದರ ಸುತ್ತಲಾದರೂ ಜೀವ ಬರುತ್ತದೆಯೇ ಎಂದು ಕಾಯುತ್ತೇವೆ. ದಿನವೂ ತೆರೆದು ನೋಡುವುದು, ದಿನವೂ ಬೋಳು. ಇವತ್ತು ಒಂದು ತೊಟ್ಟಿನ ಪಕ್ಕ ಒಂದು ಬಿಳಿ ಚುಕ್ಕೆ. ಸಾಸಿವೆಗಿಂತ ಚಿಕ್ಕದು. ದೀಪದ ಕೆಳಗೆ ಹಿಡಿದು ಮತ್ತೆ ಮತ್ತೆ ನೋಡಿದೆ. ಬೆಳೆದಿದೆ ಅಕ್ಕ! ಬೆಳೆಯಬಾರದ ಕಡೆ ಬೆಳೆದಿದೆ!

ಮೇಡಂ "ಮತ್ತೆ ಮಾಡಿ ನೋಡೋಣ" ಅಂದರು. ಅವರು ಹಾಗೇ, ನಗುವುದಕ್ಕೂ ಮೂರು ಸಲ ಪರೀಕ್ಷೆ ಆಗಬೇಕು. ನನಗೆ ತಡೆಯಲಾಗಲಿಲ್ಲ, ನಿನಗೆ ಬರೆದೆ. ಭಾವನಿಗೆ ಹೇಳು, ಟೈಲ್ ಕೂರಿಸಲು ಬರದಿದ್ದರೂ ಬಿರುಕಿಗೆ ಸಿಮೆಂಟು ಸಿಕ್ಕಿತೇನೋ.

ತಮ್ಮ

ಮೇ 5

ನನ್ನ ಬಂಗಾರದ ತಮ್ಮಾ,

ಕಾಗದ ಬಂದ ದಿನ ಬೇಕರಿಯಲ್ಲಿ ಉಪ್ಪು ಹಾಕುವುದನ್ನೇ ಮರೆತೆ. ಒಂದು ಒಲೆ ಬ್ರೆಡ್ಡು ಸಪ್ಪೆಯಾಯಿತು. ಮಾಲೀಕ ಕೂಗಾಡುತ್ತಿದ್ದರೆ ನಾನು ನಗುತ್ತಿದ್ದೆ. "ತಲೆ ಕೆಟ್ಟಿದ್ಯಾ?" ಅಂದ. "ಇಲ್ಲ, ಸರಿಯಾಗ್ತಿದೆ" ಅಂದೆ.

ನಿನ್ನ ಭಾವ ಚುಕ್ಕೆಯ ಸಾಲನ್ನು ಎರಡು ಸಲ ಓದಿಸಿಕೊಂಡರು. ಅಮ್ಮ ಪೀಚುವಿನ ಕಿವಿಯಲ್ಲಿ "ಮಾವ ಔಷಧಿ ಮಾಡ್ತಿದಾನೆ ಕಣೇ" ಎಂದು ಹೇಳುತ್ತಲೇ ಇದ್ದಾಳೆ. ಹೊಟ್ಟೆಯ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ನಾನು ಹೋಗಿ, "ಸ್ವಲ್ಪ ತಡೀರಿ ಡಾಕ್ಟ್ರೇ, ನನ್ನ ತಮ್ಮನ ಲ್ಯಾಬಲ್ಲಿ ಏನೋ ಸಿಕ್ಕಿದೆ" ಅಂದೆ. ಅವರು ಬಾಯಿ ತೆರೆದು ಏನೋ ಹೇಳಹೊರಟವರು ಸುಮ್ಮನಾದರು. ಪಾಪ, ಅವರಿಗೂ ಖುಷಿಯಾಗಿರಬೇಕು.

ಆ ತೊಟ್ಟಿನ ಹೆಸರು ಬರೆ. ಇಲ್ಲಿ ಸಿಗುತ್ತದೆಯೋ, ಅಲ್ಲಿಂದಲೇ ತರಿಸಬೇಕೋ?

ಅಕ್ಕ

ಮೇ 30

ಅಕ್ಕಾ,

ಇದನ್ನು ಟೈಪ್ ಮಾಡಿ ಕಳುಹಿಸುತ್ತಿದ್ದೇನೆ. ಕೈಬರಹ ಸರಿಯಿಲ್ಲ ಎಂದಿದ್ದೆಯಲ್ಲ.

ಪ್ರಯೋಗ ನಡೆಯುತ್ತಿದೆ. ಇಂಥವುಗಳಿಗೆ ಸಮಯ ಹಿಡಿಯುತ್ತದೆ. ನೀನು ಇದಕ್ಕಾಗಿ ಕಾಯಬೇಡ. ಡಾಕ್ಟರು ಹೇಳಿದಂತೆ ನಳಿಕೆ ಹಾಕಿಸಿಬಿಡು. ತಡ ಮಾಡಬೇಡ.

ಪೀಚುಗೆ ನನ್ನ ಮುತ್ತು. ಅಮ್ಮನ ಆರೋಗ್ಯ ನೋಡಿಕೋ.

ತಮ್ಮ

ಜೂನ್ 12

ತಮ್ಮಾ,

ನಾನೇನು ನಿಮ್ಮ ಆಫೀಸಿಗೆ ಅರ್ಜಿ ಹಾಕಿದ್ದೆನೇ, ಹೀಗೆ ಅಚ್ಚುಹಾಕಿದ ಉತ್ತರ ಕಳಿಸಲು? ಸಾಲು ಬೆನ್ನೇರಿದೆ ಎಂದು ರೇಗಿಸಿದ್ದಕ್ಕೆ ಇಷ್ಟು ಕೋಪವೇ? ಅಂಕುಡೊಂಕಾಗಿದ್ದರೂ ಅದರಲ್ಲಿ ನೀನಿದ್ದೆ. ಇದರಲ್ಲಿ ಯಾರೂ ಇಲ್ಲ.

ದೊಡ್ಡ ವಿಷಯ ಕೈಗೆ ಸಿಕ್ಕ ಮೇಲೆ ದೊಡ್ಡ ಜನರ ಹಾಗೆ ಗುಟ್ಟು ಮಾಡುತ್ತಿದ್ದೀಯ ಎಂದು ನಿನ್ನ ಭಾವ ಅನ್ನುತ್ತಾರೆ. "ಲ್ಯಾಬಿನೋರು ಹೊರಗೆ ಹೇಳ್ಬೇಡ ಅಂದಿರ್ತಾರೆ ಬಿಡು" ಎಂದು ನಿನ್ನ ಪರ ವಹಿಸುತ್ತಾರೆ ಬೇರೆ. ನನಗೆ ಗುಟ್ಟು ಬೇಡ. ಹೆಸರು ಬೇಕು. ನಳಿಕೆ ಹಾಕಿಸಿದ ಮರುದಿನವೇ ಔಷಧಿ ಬಂದರೆ, ಸುಮ್ಮನೆ ಮಗುವಿನ ಹೊಟ್ಟೆ ಕೊಯ್ಯಿಸಿದೆನಲ್ಲ ಎಂದು ನಾನು ಸಾಯುವವರೆಗೂ ಕೊರಗಬೇಕು. ಹೆಸರು ಬರೆ.

ಅಕ್ಕ

ಜೂನ್ 24

ಅಕ್ಕಾ,

ಹೆಸರಿಲ್ಲ. ಔಷಧಿಯೇ ಇಲ್ಲ.

ಆ ಚುಕ್ಕೆಯನ್ನು ತೆಗೆದು ಬೇರೆಯಾಗಿ ಬೆಳೆಸಿ ಅದರ ಮಣಿಗಳನ್ನು ಓದಿಸಿದೆವು. ಆ ಮಣಿ ತಾನಾಗಿಯೇ ಸರಿಯಾಗಿತ್ತು. ಕೋಟಿಗಟ್ಟಲೆ ಯೀಸ್ಟಿನಲ್ಲಿ ಯಾವುದೋ ಒಂದಕ್ಕೆ ಅಕಸ್ಮಾತ್ತಾಗಿ ಹಾಗಾಗುತ್ತದೆ. ನಾವು ಇಟ್ಟ ತೊಟ್ಟಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ, ಪಕ್ಕದಲ್ಲಿ ಬೆಳೆಯಿತು ಅಷ್ಟೇ. ಹಾಗಾದರೆ ಪೀಚುವಿಗೂ ತಾನಾಗಿಯೇ ಸರಿಯಾಗಬಹುದಲ್ಲ ಎಂದು ಕೇಳುತ್ತೀಯ, ಗೊತ್ತು. ನಾನೂ ಮೇಡಂ ಹತ್ತಿರ ಅದನ್ನೇ ಕೇಳಿದೆ. ತಟ್ಟೆಯಲ್ಲಿ ಉಳಿದವೆಲ್ಲ ಸತ್ತುಹೋದದ್ದರಿಂದ ಆ ಒಂದು ಕಣ್ಣಿಗೆ ಬಿತ್ತು. ಮಗುವಿನ ಮೈಯಲ್ಲಿ ಒಂದು ಕೋಶ ಸರಿಹೋದರೆ ಅದು ಉಳಿದವುಗಳಿಗೆ ಹೋಗಿ ಕಲಿಸುವುದಿಲ್ಲ.

ನಿನ್ನ ಖುಷಿಯ ಕಾಗದ ನನ್ನ ಕೈ ಸೇರಿದ ವಾರವೇ ಇದು ಗೊತ್ತಾಯಿತು. ಬರೆಯಲು ಕೂತೆ. ಕೈ ಬರಲಿಲ್ಲ. ಅದಕ್ಕೇ ಟೈಪ್ ಮಾಡಿ, ಹೇಳಬೇಕಾದದ್ದನ್ನು ಬಿಟ್ಟು, ನಳಿಕೆ ಹಾಕಿಸು ಎಂದಷ್ಟೇ ಬರೆದೆ. ದಯವಿಟ್ಟು ಹಾಕಿಸು. ಇವತ್ತೇ ಹೋಗು.

ನೂರೈವತ್ತಾರನೆಯ ಮಣಿಯ ಚಿತ್ರ ನನ್ನ ಮೇಜಿನ ಮುಂದೆ ಅಂಟಿಸಿದೆ. ಎಲ್ಲಿದೆ, ಯಾವ ಕಡೆ ತಿರುಗಿದೆ, ಯಾವುದಕ್ಕೆ ತಗುಲುತ್ತದೆ, ಎಲ್ಲ ಗೊತ್ತು. ಗೊತ್ತಿದ್ದು ಏನು ಮಾಡಲಿ, ಅಕ್ಕ?

ತಮ್ಮ

ಆಗಸ್ಟ್ 19

ತಮ್ಮಾ,

ಫೋನಿನಲ್ಲಿ ನಿನ್ನ ಭಾವ ಹೇಳಿದ್ದು ಅರ್ಧ. ನಿನ್ನ ಕಾಗದ ಬರುವ ಮೊದಲೇ ಪೀಚು ಆಸ್ಪತ್ರೆಯಲ್ಲಿದ್ದಳು. ಗಂಜಿ ಶ್ವಾಸನಾಳಕ್ಕೆ ಹೋಗಿ ಎದೆಯಲ್ಲಿ ಕೀವು ಕಟ್ಟಿತು. ಕುಡಿಸುತ್ತಿದ್ದವಳು ಅಮ್ಮ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಎದೆ ವಾಸಿಯಾದ ಮೇಲೆ ನಳಿಕೆ ಹಾಕಿದರು. ಈಗ ಮನೆಗೆ ಬಂದಿದ್ದೇವೆ. ಸಿರಿಂಜಿನಲ್ಲಿ ಹಾಲು ಬಿಡುತ್ತೇನೆ, ಅದು ತಾನಾಗಿ ಇಳಿಯುತ್ತದೆ. ನಗು ಕಡಿಮೆಯಾಗಿದೆ. ಚೀಲ ಕೆಳಗಿಟ್ಟರೆ ಕಣ್ಣು ಆ ಕಡೆ ತಿರುಗುತ್ತದೆ, ಅಷ್ಟೇ.

ನಿನ್ನ ಮೇಲೆ ಕೋಪವಿಲ್ಲ. ಕೋಪಕ್ಕೂ ಶಕ್ತಿ ಬೇಕು.

ಇದನ್ನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ನಿನ್ನ ಕಾಗದಗಳನ್ನು ಮತ್ತೆ ತೆಗೆದಿದ್ದೆ. ಅಮ್ಮ ನನ್ನ ಕೈಯಿಂದ ಒಂದನ್ನು ತೆಗೆದುಕೊಂಡು ಅಂಚು ದಾಟಿ ಹೋದ ಸಾಲುಗಳನ್ನು ಬೆರಳಿನಿಂದ ಸವರಿದಳು. ಆಮೇಲೆ ಕೇಳಿದಳು, "ಇವನು ಸಂಜೆ ಹೊತ್ತು ಎಡವ್ತಾನಾ?" ಕಪಾಟಿಗೆ ಗುದ್ದಿಕೊಂಡದ್ದನ್ನು ನೆನಪಿಸಿದೆ. ಅಮ್ಮ ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

ನಮ್ಮ ಸೋದರಮಾವ ನಿನಗೆ ಸರಿಯಾಗಿ ನೆನಪಿರಲಿಕ್ಕಿಲ್ಲ. ಸಂಜೆಯಾದರೆ ಗೋಡೆ ಹಿಡಿದುಕೊಂಡು, ತೂರಾಡಿಕೊಂಡು ಬರುತ್ತಿದ್ದ. ಕುಡುಕ ಎಂದೇ ಎಲ್ಲರ ಲೆಕ್ಕ. ಮದುವೆಯ ಮಾತುಗಳು ಮುರಿದವು, ಕೆಲಸ ಹೋಯಿತು. "ಅವನು ಒಂದು ತೊಟ್ಟು ಮುಟ್ಟಿದವನಲ್ಲ" ಅಂದಳು ಅಮ್ಮ. "ನಾನೇ ಅವನ ಬಾಯಿ ಮೂಸಿ ನೋಡಿದ್ದೆ. ನಂಬಲಿಲ್ಲ. ಎಲ್ಲೋ ಕುಡಿದು ಬಾಯಿ ತೊಳ್ಕೊಂಡು ಬಂದಿದಾನೆ ಅಂದ್ಕೊಂಡೆ." ಆಮೇಲೆ ನನ್ನನ್ನೇ ನೋಡುತ್ತ, "ಇದು ನನ್ನ ಕಡೆಯಿಂದ ಬಂದದ್ದು ಅಲ್ವಾ?" ಅಂದಳು.

ಡಾಕ್ಟರಮ್ಮ ಮೊದಲ ದಿನವೇ ನನಗೆ ಹೇಳಿದ್ದರು. ತಲೆಗೆ ಹೋಗಲಿಲ್ಲ ಎಂದು ನಿನಗೆ ಬರೆದದ್ದು ಸುಳ್ಳು. ಆ ಮಣಿ ತಾಯಿಯಿಂದ ಮಾತ್ರ ಬರುತ್ತದೆ. ಅಮ್ಮನಿಂದ ನನಗೆ, ನನ್ನಿಂದ ಪೀಚುಗೆ. ನನ್ನಲ್ಲಿ ಕಡಿಮೆ, ಅವಳಲ್ಲಿ ತುಂಬ. ಅಮ್ಮನಿಂದ ನಿನಗೂ ಬಂದಿರಬಹುದು. ದೂರದಲ್ಲಿ ಒಬ್ಬನೇ ಇರುವವನು, ಹೆದರಿಯಾನು ಎಂದು ಬರೆಯಲಿಲ್ಲ. ನಿನಗೆ ಎಷ್ಟು ಗೊತ್ತಿದೆ ಎಂದು ಸುತ್ತಿ ಬಳಸಿ ಕೇಳಿದೆ. ನೀನು ಉತ್ತರಿಸಲಿಲ್ಲ, ಗೊತ್ತಿಲ್ಲ ಎಂದುಕೊಂಡು ನೆಮ್ಮದಿಯಾದೆ.

ಯಾವಾಗಿನಿಂದ ತಮ್ಮಾ?

ಅಕ್ಕ

ಸೆಪ್ಟೆಂಬರ್ 3

ಅಕ್ಕಾ,

ಎರಡು ವರ್ಷದಿಂದ. ಮೊದಲು ಕತ್ತಲೆಗೆ ಕಣ್ಣು ಹೊಂದುತ್ತಿರಲಿಲ್ಲ. ಆಮೇಲೆ ಪಕ್ಕದಲ್ಲಿರುವುದು ಕಾಣದಾಯಿತು. ಕೊಳವೆಯಲ್ಲಿ ನೋಡಿದ ಹಾಗೆ, ನೇರಕ್ಕೆ ಇರುವುದು ಚೆನ್ನಾಗಿ ಕಾಣುತ್ತದೆ, ಸುತ್ತಲಿನದು ಇಲ್ಲ. ಕಾಗದದ ಅಂಚು ಇಲ್ಲ, ಕಪಾಟಿನ ಬಾಗಿಲು ಇಲ್ಲ. ಕೆಲಸ ಹೆಚ್ಚಾಗಿ ಹೀಗೆ ಎಂದುಕೊಂಡು ಓಡಾಡಿಕೊಂಡಿದ್ದೆ. ನೀನು ಕಳುಹಿಸಿದ ಸಾಲು ಓದಿದ ದಿನ ಎಲ್ಲ ಅರ್ಥವಾಯಿತು. ರಕ್ತ ಕೊಟ್ಟು ನೋಡಿಸಿದೆ. ಅದೇ ಮಣಿ.

ತಾಯಿಯಿಂದ ಬರುತ್ತದೆ ಎಂಬುದು ನನಗೂ ಅವತ್ತೇ ಗೊತ್ತು. ನೀನು ಕೇಳಿದಾಗ ಉತ್ತರಿಸಲಿಲ್ಲ. ನನ್ನಿಂದಲೇ ಬಂತು ಎಂದು ನೀನು ಎದೆ ಬಡಿದುಕೊಳ್ಳುತ್ತೀಯ ಎಂದು. ನೀನು ನನ್ನನ್ನು ಕಾಯುತ್ತಿದ್ದೆ, ನಾನು ನಿನ್ನನ್ನು. ಪೀಚುವನ್ನು ಕಾಯಲು ಇಬ್ಬರಿಂದಲೂ ಆಗಲಿಲ್ಲ.

ತಟ್ಟೆ ಹೊಯ್ಯುವ ಕೆಲಸ ಬೇರೆಯವರಿಗೆ ಹೋಗಿದೆ. ಎರಡು ಸಲ ಆಹಾರವನ್ನು ಮೇಜಿನ ಮೇಲೇ ಸುರಿದೆ. ಮೇಡಂ ಏನೂ ಅನ್ನದೆ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅದೊಂದು ಕಡೆ ನಾನು ಎಲ್ಲರಷ್ಟೇ ನೋಡಬಲ್ಲೆ. ಬೆಳಕಿನ ದುಂಡು, ಅದರೊಳಗೇ ಎಲ್ಲ.

ಅಮ್ಮನಿಗೆ ಹೇಳು, ಅವಳ ಮೇಲೆ ನನಗೆ ಏನೂ ಇಲ್ಲ. ಏನು ಹೇಳಿದರೂ ಅವಳು ಕೇಳುವುದಿಲ್ಲ ಎಂದೂ ಗೊತ್ತು. ನವೆಂಬರಿನಲ್ಲಿ ರಜೆ ಇದೆ. ಬರುತ್ತೇನೆ. ಸಂಜೆಯ ಹೊತ್ತಿಗೆ ಇಳಿದರೆ ಭಾವ ನಿಲ್ದಾಣಕ್ಕೆ ಬರಲಿ.

ತಮ್ಮ

ಡಿಸೆಂಬರ್ 8

ಅಕ್ಕಾ,

ನವೆಂಬರಿಗೆ ಬರುತ್ತೇನೆಂದಿದ್ದೆ, ಅಕ್ಟೋಬರಿನಲ್ಲೇ ಬರಬೇಕಾಯಿತು. ಬಂದಾಗ ಪೀಚು ಇರಲಿಲ್ಲ. ಒಂದು ವಾರ ಒಂದೇ ಮನೆಯಲ್ಲಿದ್ದೆವು. ನಾವಿಬ್ಬರೂ ಊಟಕ್ಕೆ ಕರೆದದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ. ನೀನು ಆ ಸಿರಿಂಜುಗಳನ್ನು ದಿನವೂ ಬಿಸಿನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಒಣಹಾಕುತ್ತಿದ್ದೆ. ಅವು ಇನ್ನು ಬೇಡ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಭಾವ ಬಾಗಿಲ ಹೊರಗೇ ಚೀಲ ಇಟ್ಟು ಒಳಗೆ ಬರುತ್ತಿದ್ದರು.

ಈಗ ಒಂದು ವಿಷಯ ಬರೆಯಬೇಕು. ಮತ್ತೆ ಏನನ್ನೂ ಬಿಟ್ಟು ಬರೆಯಬಾರದು ಎಂದು ನಿಶ್ಚಯಿಸಿದ್ದೇನೆ.

ಜುಲೈನಲ್ಲಿ ಆಸ್ಪತ್ರೆಯವರು ಪೀಚುವಿನ ತೋಳಿನಿಂದ ಚರ್ಮದ ಒಂದು ಸಣ್ಣ ಚೂರು ತೆಗೆದಿದ್ದರಂತೆ, ಪರೀಕ್ಷೆಗೆ. ಆ ಕೋಶಗಳು ಈಗಲೂ ಅಲ್ಲಿ ಒಂದು ಬಟ್ಟಲಿನಲ್ಲಿ ಜೀವದಿಂದಿವೆ. ಡಾಕ್ಟರಮ್ಮ ಮೇಡಂಗೆ ಬರೆದಿದ್ದಾರೆ, ಬೇಕಿದ್ದರೆ ಕಳುಹಿಸುತ್ತೇವೆ, ತಾಯಿ ಒಪ್ಪಬೇಕು ಎಂದು. ಯೀಸ್ಟಿನಲ್ಲಿ ನೋಡುವುದಕ್ಕೂ ಮನುಷ್ಯರ ಕೋಶದಲ್ಲಿ ನೋಡುವುದಕ್ಕೂ ತುಂಬ ವ್ಯತ್ಯಾಸವಿದೆ. ಇದರಿಂದ ಮುಂದೆ ಯಾರಿಗಾದರೂ ಏನಾದರೂ ಸಿಗಬಹುದು. ಸಿಗದೆಯೂ ಹೋಗಬಹುದು. ನನಗೆ ಗೊತ್ತಿಲ್ಲ.

ಬಂದರೆ ಅವುಗಳನ್ನು ನೋಡಿಕೊಳ್ಳುವವನು ನಾನೇ. ಸಕ್ಕರೆ ಇರುವವರೆಗೆ ಅವು ಚೆನ್ನಾಗಿರುತ್ತವೆ. ಪರೀಕ್ಷೆಗೆ ಆ ಸಕ್ಕರೆ ತೆಗೆಯಬೇಕು. ತೆಗೆದು, ಯಂತ್ರ ತಿರುಗುವವರಿಗೆ ಮಾತ್ರ ದಕ್ಕುವ ಬೇರೆ ಸಕ್ಕರೆ ಕೊಟ್ಟು, ಒಂದೊಂದು ಔಷಧಿ ಹಾಕಿ, ಎಷ್ಟು ಉಳಿಯುತ್ತವೆ ಎಂದು ನೋಡಬೇಕು. ಬಟ್ಟಲನ್ನು ಬೆಚ್ಚಗಿನ ಪೆಟ್ಟಿಗೆಯೊಳಗಿಟ್ಟು ಒಂದೆರಡು ದಿನ ಕಾಯಬೇಕು. ಬಹುಶಃ ಯಾವುವೂ ಉಳಿಯುವುದಿಲ್ಲ. ಇದನ್ನು ನಿನಗೆ ಹೇಳದೆ ಸಹಿ ಕೇಳಲು ನನ್ನಿಂದಾಗದು. ಬೇಡ ಎಂದರೆ ಬೇಡ.

ತಮ್ಮ

ಜನವರಿ 6

ತಮ್ಮಾ,

ಸಹಿ ಹಾಕಿ ಡಾಕ್ಟರಮ್ಮನ ಕೈಗೆ ಕೊಟ್ಟು ಬಂದೆ. ನಿನ್ನ ಭಾವನೂ ಜೊತೆಗೆ ಬಂದಿದ್ದರು. "ಅಲ್ಲಿ ಬಟ್ಟಲಲ್ಲಿ ಇರೋದು ಪೀಚುನೇನಾ?" ಎಂದು ದಾರಿಯಲ್ಲಿ ಕೇಳಿದರು. "ಇರಬಹುದು" ಅಂದೆ. ಬಸ್ಸು ಇಳಿಯುವವರೆಗೆ ನನ್ನ ಕೈ ಹಿಡಿದುಕೊಂಡಿದ್ದರು.

ನಿನಗೆ ಒಂದು ಮಾತು ಹೇಳುತ್ತೇನೆ. ಇದನ್ನು ಇನ್ನಾರಿಗೂ ಹೇಳಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಆಸ್ಪತ್ರೆಗೆ ಸೇರಿಸಿದ್ದೆವಲ್ಲ, ಆ ಕೊನೆಯ ದಿನ ಬೆಳಿಗ್ಗೆ ಪೀಚು ಶಾಂತವಾಗಿ ಮಲಗಿದ್ದಳು. ನರ್ಸು, "ಮುಖ ತೊಳ್ಕೊಂಡು ಬನ್ನಿ ಅಮ್ಮಾ, ಎಷ್ಟು ದಿನ ಹೀಗೇ ಕೂತಿರ್ತೀರ" ಅಂದಳು. ಅಮ್ಮ ಪಕ್ಕದಲ್ಲಿದ್ದಳು, ಅದಕ್ಕೇ ಹೋದೆ. ಉಸಿರು ಬದಲಾದದ್ದನ್ನು ಕಂಡು ಅಮ್ಮ ನನ್ನನ್ನು ಕರೆಯಲೆಂದು ಎದ್ದು ಬಂದಿದ್ದಾಳೆ. ನಾನು ವಾರ್ಡಿನ ಒಂದು ಬಾಗಿಲಿನಿಂದ ಒಳಗೆ ಹೋದಾಗ ಅವಳು ಇನ್ನೊಂದರಿಂದ ಹೊರಗೆ ಹೋಗಿದ್ದಳು. ಮಂಚದ ಹತ್ತಿರ ಯಾರೂ ಇರಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಆಗಿಹೋಗಿತ್ತು. ನಾನು ಸರಿಯಾದ ಹೊತ್ತಿಗೆ ಬಂದಿದ್ದೆ ಎಂದು ಅಮ್ಮ ತಿಳಿದಿದ್ದಾಳೆ, ಕೇಳಿದವರಿಗೆಲ್ಲ ಹಾಗೇ ಹೇಳುತ್ತಾಳೆ. ಹೇಳಿಕೊಳ್ಳಲಿ. ಹೋಗುವಾಗ ಮಗು ಒಂಟಿಯಾಗಿತ್ತು.

ಮಾಡುವುದನ್ನು ಮಾಡು. ಆ ಸಕ್ಕರೆ ತೆಗೆಯಲೇಬೇಕೆಂದರೆ ತೆಗೆ. ಉಳಿಸು ಎಂದು ನಾನು ಕೇಳುತ್ತಿಲ್ಲ, ಅದು ನಿನ್ನ ಕೈಯಲ್ಲಿಲ್ಲ ಎಂದು ನನಗೆ ಗೊತ್ತು. ಆದರೆ ಬಟ್ಟಲನ್ನು ಪೆಟ್ಟಿಗೆಯೊಳಗಿಟ್ಟು, ಬಾಗಿಲು ಹಾಕಿ, ಊಟಕ್ಕೆ ಎದ್ದು ಹೋಗಬೇಡ. ಒಂದೆರಡು ದಿನ ಅಂದೆಯಲ್ಲ, ಒಬ್ಬನಿಂದ ಆಗದಿದ್ದರೆ ಆ ಮೇಡಂ ಅವರನ್ನು ಕೇಳು, ಸರದಿಯ ಮೇಲೆ ಕೂರಲಿ. ಅವರೂ ಹೆಂಗಸು, ಯಾಕೆ ಎಂದು ಕೇಳಲಿಕ್ಕಿಲ್ಲ. ಮುಗಿಯುವವರೆಗೆ ಕುರ್ಚಿ ಎಳೆದುಕೊಂಡು ಅಲ್ಲೇ ಕೂತಿರು.

ಅಕ್ಕ